ಬರೀ ಒಂದು ಲೈಟಿಗೆ ನಿಂತ ವಿಮಾನ

ಚನ್ನವೀರಪ್ಪನವರ ಜೊತೆ ಬದನೆಕಾಯಿ ಕೊಳ್ಳಲು ಹೋಗಬಾರದು. ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ಎಲ್ಲರೂ ಒಂದೊಂದು ಸಲ ಹೋಗಿ ಕಲಿತ ಪಾಠ ಇದು. ಅರ್ಧ ಕಿಲೋ ಬದನೆಗೆ ಅವರು ನಲವತ್ತು ಕಾಯಿ ಎತ್ತುತ್ತಾರೆ, ತೊಟ್ಟು ತಿರುಗಿಸುತ್ತಾರೆ, ಹೆಬ್ಬೆರಳಲ್ಲಿ ಒತ್ತಿ ಕೆಳಗಿಡುತ್ತಾರೆ. ಒಮ್ಮೆ ದಾಸರಹಳ್ಳಿಯ ತರಕಾರಿಯಾಕೆ ತಾಳ್ಮೆಗೆಟ್ಟು, “ಅಣ್ಣಾ, ನೀನು ಹೆಣ್ ನೋಡಕ್ ಬಂದಿದೀಯೋ ಬದ್ನೆಕಾಯ್ ನೋಡಕ್ ಬಂದಿದೀಯೋ?” ಎಂದು ಕೇಳಿದಳು. “ಹೆಣ್ಣು ನೋಡೂವಾಗ ಇಷ್ಟು ನೋಡಿರಲಿಲ್ಲ ಬಿಡವ್ವಾ” ಎಂದರು ಇವರು. ಆ ಮಾತನ್ನು ಅವರ ಹೆಂಡತಿ ಶಿವಲಿಂಗಮ್ಮನವರಿಗೆ ಜೋಪಾನವಾಗಿ ತಲುಪಿಸಿದವನು ನಾನೇ.

ಅವರು ನಮ್ಮಲ್ಲಿ ತಪಾಸಣಾ ವಿಭಾಗದ ಮುಖ್ಯಸ್ಥರು. ವಿಭಾಗ ಎಂದರೆ ಒಂದು ಮೇಜು, ಒಂದು ಟ್ಯೂಬ್‌ಲೈಟು ಮತ್ತು ಅವರು. ರಾಣೆಬೆನ್ನೂರಿನ ಕಡೆಯಿಂದ ಐಟಿಐ ಮುಗಿಸಿಕೊಂಡು ಪೀಣ್ಯಕ್ಕೆ ಬಂದು ಮೂವತ್ತೈದು ವರ್ಷವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಬಂದು ಆ ಮೇಜಿನ ಮುಂದೆ ಕೂತರೆ ಸಂಜೆಯವರೆಗೆ ಅವರಿಗೆ ಲೋಕದಲ್ಲಿ ತಪ್ಪುಗಳೇ ಕಾಣುತ್ತವೆ. ನಾನು ಶ್ರೀಧರ್, ಅದೇ ಕಾರ್ಖಾನೆಯಲ್ಲಿ ಮಾಲು ರವಾನೆ ನೋಡಿಕೊಳ್ಳುವವನು. ಅವರದು ತಡೆಯುವ ಕೆಲಸ, ನನ್ನದು ಕಳಿಸುವ ಕೆಲಸ. ನಮ್ಮಿಬ್ಬರಲ್ಲಿ ಪ್ರತಿ ವರ್ಷ ಬಹುಮಾನ ಬರುತ್ತಿದ್ದುದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಾವು ಮಾಡುವುದು ಒಂದು ಪಿನ್ನು. ಸಣ್ಣ ಸರಕು ಗಾಡಿಗಳ ಮುಂದಿನ ಚಕ್ರ ಎಡಕ್ಕೋ ಬಲಕ್ಕೋ ತಿರುಗುತ್ತದಲ್ಲ, ಅದು ತಿರುಗುವುದು ಈ ಪಿನ್ನಿನ ಮೇಲೆ. ಗಾಡಿಗೆ ಎರಡು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಹದಕ್ಕೆ ಬಂದು ಗಟ್ಟಿಯಾಗುತ್ತದೆ. ಹದ ತಪ್ಪಿದರೆ ಕೆಲವೇ ತಿಂಗಳಲ್ಲಿ ಸವೆದು, ಚಕ್ರ ಅಲುಗಾಡಿ, ಒಂದು ದಿನ ಸ್ಟೀರಿಂಗ್ ಒಂದು ದಿಕ್ಕಿಗೆ, ಗಾಡಿ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ತಮಾಷೆಯೆಂದರೆ ಹದವಾದದ್ದೂ ಹದ ತಪ್ಪಿದ್ದೂ ನೋಡಲು ಒಂದೇ ಥರ ಫಳಫಳ. ಗಟ್ಟಿತನ ಅಳೆಯುವ ಯಂತ್ರ ನಮ್ಮಲ್ಲಿ ಇದೆ, ರಿಪೇರಿಗೆಂದು ಹೋಗಿ ಎರಡು ವರ್ಷವಾಗಿದೆ ಅಷ್ಟೆ. ಆದ್ದರಿಂದ ಚನ್ನವೀರಪ್ಪನವರು ಅರ ಹಾಕಿ ನೋಡುತ್ತಾರೆ. ಗಟ್ಟಿ ಪಿನ್ನಿನ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಆ ಕಚ್ಚುವ ಸದ್ದು ಅವರೊಬ್ಬರಿಗೆ ಮಾತ್ರ ಕೇಳಿಸುತ್ತದೆ ಎಂಬುದು ನಮ್ಮ ಯಜಮಾನರ ಬಹುಕಾಲದ ದೂರು.

ಹೋದ ವರ್ಷ ದಸರೆಗೆ ಮುಂಚೆ ಕುಲುಮೆ ನಡೆಯುತ್ತಿರುವಾಗ ಕರೆಂಟು ಹೋಯಿತು. ಮುನ್ನೂರ ಹನ್ನೆರಡು ಪಿನ್ನು ಹದ ತಪ್ಪಿದವು. ಚನ್ನವೀರಪ್ಪನವರು ಒಂದೊಂದಕ್ಕೂ ಅರ ಹಾಕಿ, ಒಂದೊಂದರ ತುದಿಗೂ ಕೆಂಪು ಬಣ್ಣದ ಚುಕ್ಕೆ ಇಟ್ಟು, ಕೆಂಪು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು. ಕೆಂಪು ಚುಕ್ಕೆ ಎಂದರೆ ಕೆಟ್ಟದ್ದು ಎಂದು ಪೀಣ್ಯದಲ್ಲಿ ಬೀದಿನಾಯಿಗೂ ಗೊತ್ತು. ಆಮೇಲೆ ಬನ್ನಿ ಕೊಡಲೆಂದು ಊರಿಗೆ ಹೊರಟರು. ಹೊರಡುವಾಗ ಬೀಗದ ಕೈಯನ್ನು ನನ್ನ ಕೈಗಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಕೇಳಿದ್ದೀರಲ್ಲ, ಆ ಬೇಲಿ ನಾನು.

ಆಯುಧಪೂಜೆಯ ದಿನ ಯಜಮಾನ ಶಿವಶಂಕರ್ ಅವರ ತಾಯಿ ನಾಗಲಕ್ಷ್ಮಮ್ಮನವರು ಬಂದರು. ಈಗ ಕಾರ್ಖಾನೆ ಇರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಕುಯ್ದ ಕೈ ಅವರದು. ಅವರ ಮಾತಿಗೆ ಮಗನೂ ಎದುರಾಡುವುದಿಲ್ಲ. ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ ಮುಗಿಸಿ, ಸಾಲಾಗಿಟ್ಟಿದ್ದ ಪಿನ್ನಿನ ತಟ್ಟೆಗಳ ಮುಂದೆ ನಿಂತು, “ಯಂತ್ರಕ್ಕಿಕ್ಕಿ ಅದ್ರ ಮಕ್ಳಿಗಿಕ್ದೇ ಇದ್ರೆ ಎಂಗಪ್ಪಾ?” ಎಂದರು. ಹೆಣ್ಣಾಳುಗಳು ಕೂತು ಎರಡು ಸಾವಿರ ಮಕ್ಕಳ ಹಣೆಗೂ ಕುಂಕುಮ ಇಟ್ಟರು. ಆಮೇಲೆ ಅವರ ಕಣ್ಣು ಕೆಂಪು ಪೆಟ್ಟಿಗೆಯ ಮೇಲೆ ಬಿತ್ತು. “ಇವತ್ತು ಬೀಗ ಆಕ್ಬಾರ್ದು ಕಣಪ್ಪ, ಲಕ್ಷ್ಮಿ ಎಂಗ್ ಒಳೀಕ್ ಬತ್ತಾಳೆ? ತೆಗಿ.” ನಾನು ತೆಗೆದೆ. ಅವುಗಳ ತುದಿ ಆಗಲೇ ಕೆಂಪಗಿದ್ದದ್ದನ್ನು ಕಂಡು ಅವರಿಗೆ ಸಂತೋಷವೇ ಆಯಿತು. “ಇವ್ಕೆ ಆಗ್ಲೇ ಇಕ್ಕವ್ರೆ” ಎಂದು ಅವನ್ನೂ ಉಳಿದವುಗಳ ಪಕ್ಕದಲ್ಲಿ ಇರಿಸಿದರು.

ಅದಕ್ಕೂ ಹಿಂದಿನ ವರ್ಷ ನಮ್ಮ ಪಿನ್ನು ಕೊಳ್ಳುವ ಪುಣೆಯ ಗಾಡಿ ಕಂಪನಿಯವರು ಕುಂಕುಮದ ಅಡಿಯಲ್ಲಿ ತುಕ್ಕು ಹಿಡಿದಿದೆ ಎಂದು ತಕರಾರು ಮಾಡಿದ್ದರು. ಅದಕ್ಕಾಗಿ ಈ ಸಲ ನಾನು ಬಹಳ ಮುತುವರ್ಜಿ ವಹಿಸಿದೆ. ಹಬ್ಬ ಕಳೆದ ಮೊದಲ ದಿನವೇ ಆಳುಗಳನ್ನು ಕೂರಿಸಿ, ಬಣ್ಣ ಕರಗಿಸುವ ಥಿನ್ನರ್ ಕೊಟ್ಟು, ಕೆಂಪಗೆ ಕಂಡದ್ದನ್ನೆಲ್ಲ ಒರೆಸಿಸಿದೆ. ಥಿನ್ನರಿಗೆ ಕುಂಕುಮ ಯಾವುದು, ಬಣ್ಣ ಯಾವುದು ಎಂಬ ಭೇದಭಾವ ಇಲ್ಲ. ಮೂರು ದಿನ ಬಿಟ್ಟು ಚನ್ನವೀರಪ್ಪನವರು ಬನ್ನಿ ಎಲೆ ಹಿಡಿದುಕೊಂಡು ಬರುವಷ್ಟರಲ್ಲಿ ಎಲ್ಲವೂ ಒಂದರಲ್ಲೊಂದು ಬೆರೆತು, ಪೆಟ್ಟಿಗೆಗಳಾಗಿ, ಲಾರಿಯಲ್ಲಿ ಪುಣೆಗೆ ಹೋಗಿಯಾಗಿತ್ತು.

ಅವರು ಖಾಲಿ ಕೆಂಪು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. “ಲಾರಿ ತಿರುಗಿ ಕರಸ್ರಿ” ಎಂದಷ್ಟೇ ಯಜಮಾನರಿಗೆ ಹೇಳಿದರು. ಯಜಮಾನರು ನಕ್ಕರು. ಆದರೆ ಪುಣೆಯವರಿಗೆ ತುಕ್ಕಿನ ನೆನಪು ಇನ್ನೂ ಹಸಿಯಾಗಿತ್ತು. ನಿಮ್ಮ ತಪಾಸಣೆಗಾರರೇ ಬಂದು ನಮ್ಮೆದುರು ಸಹಿ ಹಾಕಿದರೆ ಮಾತ್ರ ಮಾಲು ಇಳಿಸಿಕೊಳ್ಳುತ್ತೇವೆ ಎಂದು ಪಟ್ಟು ಹಿಡಿದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಚನ್ನವೀರಪ್ಪನವರ ಸಹಿಗೆ ವಿಮಾನದ ಟಿಕೆಟ್ಟಿನ ಯೋಗ್ಯತೆ ಬಂತು.

ಅವರು ಒಪ್ಪಲಿಲ್ಲ. ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಯಜಮಾನರು ಚಹಾ ತರಿಸಿ, ಚನ್ನವೀರಪ್ಪನವರ ಮಗಳು ರಕ್ಷಿತಾಳ ಕ್ಷೇಮ ವಿಚಾರಿಸಿದರು. ರಕ್ಷಿತಾ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಆರು ತಿಂಗಳ ಹಿಂದಷ್ಟೇ ಸೇರಿದ್ದಳು. ಆ ಕಂಪನಿ ಯಜಮಾನರ ಭಾವಮೈದುನನದು, ಕೆಲಸ ಕೊಡಿಸಿದ್ದೂ ಇವರೇ. “ಹುಡುಗಿ ಚುರುಕಾಗಿದಾಳಂತೆ ಚನ್ನವೀರಪ್ಪನೋರೆ. ಇನ್ನೂ ಪರ್ಮನೆಂಟ್ ಆಗಿಲ್ಲ, ಅಲ್ವಾ?” ಎಂದರು. ಅಷ್ಟೇ ಕೇಳಿದ್ದು. ಎಷ್ಟು ಕಾಳಜಿ ನೋಡಿ. ಚನ್ನವೀರಪ್ಪನವರು ಲೋಟವನ್ನು ಮೇಜಿನ ಮೇಲಿಟ್ಟು, “ಹೂಂ, ಬರ್ತೀನಿ” ಎಂದರು. ಚಹಾ ಕುಡಿಯಲಿಲ್ಲ.

ಹೀಗೆ ಯಜಮಾನರು, ಚನ್ನವೀರಪ್ಪನವರು, ನಾನು, ಮೂವರೂ ಬೆಳಗಿನ ಒಂಬತ್ತರ ವಿಮಾನಕ್ಕೆ ಹೋದೆವು. ಭದ್ರತೆಯವರು ಚನ್ನವೀರಪ್ಪನವರ ಚೀಲದಲ್ಲಿದ್ದ ನಾಲ್ಕಿಂಚಿನ ಅರವನ್ನು ಹಿಡಿದು ಬುಟ್ಟಿಗೆ ಹಾಕಿದರು. ಅವರಿಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಅವರೋ, “ಚೊಲೊ ನೋಡ್ತಾರಪಾ ಇವರು” ಎಂದು ಮೆಚ್ಚಿಕೊಂಡು ಬೆಲ್ಟು ಬಿಗಿದರು. ಆ ದಿನ ಅವರು ಆಡಿದ ಮೊದಲ ಮಾತು ಅದು. ಆಮೇಲೆ ಕಿಟಕಿಯ ಪಕ್ಕ ಕೂತು, ಮಾಡಬಾರದ್ದನ್ನು ಮಾಡಲು ಹೊರಟ ಮುಖ ಹೊತ್ತು ಹೊರಗೆ ನೋಡುತ್ತಿದ್ದರು.

ವಿಮಾನ ಓಟ ಶುರು ಮಾಡಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಯಜಮಾನರು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದರು. ಅಷ್ಟರಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಬ್ರೇಕು ಬಿತ್ತು. ಮೇಲಿನ ಗೂಡಿನಿಂದ ಯಾರದೋ ಮೈಸೂರುಪಾಕಿನ ಡಬ್ಬಿ ಉರುಳಿತು, ಒಬ್ಬರು “ಶಿವನೇ” ಎಂದರು, ವಿಮಾನ ರನ್‌ವೇಯ ಮೇಲೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಹೆಂಗಸಿನ ದನಿ ಇಂಗ್ಲಿಷಿನಲ್ಲೂ ಆಮೇಲೆ ಕನ್ನಡದಲ್ಲೂ ಬಂತು. ಅವರು ಕ್ಯಾಪ್ಟನ್ ಹೇಮಲತಾ, ಮುಂದಿನ ಚಕ್ರ ತಿರುಗಿಸುವ ಸ್ಟೀರಿಂಗ್ ವ್ಯವಸ್ಥೆಯಲ್ಲಿ ದೋಷವಿದೆ ಎಂಬ ಎಚ್ಚರಿಕೆಯ ದೀಪ ಹತ್ತಿದ್ದರಿಂದ ಹಾರಾಟ ನಿಲ್ಲಿಸಿದ್ದಾರೆ, ಗಾಬರಿ ಬೇಡ, ಟ್ರ್ಯಾಕ್ಟರು ಬಂದು ಎಳೆದುಕೊಂಡು ಹೋಗುತ್ತದೆ.

ಪ್ರಾಣ ಉಳಿಯಿತೆಂಬ ಸಂತೋಷ ನಮ್ಮ ಜನಕ್ಕೆ ಸರಿಯಾಗಿ ನಾಲ್ಕು ನಿಮಿಷ ಬಾಳಿಕೆ ಬಂತು. ಐದನೆಯ ನಿಮಿಷಕ್ಕೆ ಒಬ್ಬರಿಗೆ ಮೀಟಿಂಗ್ ನೆನಪಾಯಿತು. ಹತ್ತನೆಯದಕ್ಕೆ ವೈಟ್‌ಫೀಲ್ಡಿನ ಒಬ್ಬ ಮಹಾಶಯರು ಎದ್ದು ನಿಂತು, ವಿಮಾನ ಹಾರಿಸುವುದು ಹೇಗೆಂದು ವಿವರಿಸತೊಡಗಿದ್ದರು. ಅರ್ಧ ಗಂಟೆಯಲ್ಲಿ ನೂರೈವತ್ತು ಪೈಲಟ್‌ಗಳು ತಯಾರಾದರು. ವಿಮಾನದಲ್ಲಿ ಹಾರಿಸಲು ಬಾರದವರೆಂದರೆ ಕ್ಯಾಪ್ಟನ್ ಒಬ್ಬರೇ ಎಂದು ತೀರ್ಮಾನವಾಯಿತು. ನಮ್ಮ ಯಜಮಾನರು ಎಲ್ಲರಿಗಿಂತ ಜೋರು. “ಬರೀ ಒಂದು ಲೈಟ್‌ಗೆ ನಿಲ್ಲಿಸ್ಬಿಡೋದೇನ್ರೀ? ನನ್ ಕಾರಲ್ಲಿ ಎಂಜಿನ್ ಲೈಟ್ ಉರಿಯಕ್ ಶುರುವಾಗಿ ಒಂದು ವರ್ಷ ಆಯ್ತು. ಓಡಿಸ್ತಾ ಇಲ್ವಾ?”

ಇಳಿಯುವಾಗ ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಇಳಿಯುವವರೆಲ್ಲ ಒಂದೊಂದು ಮಾತು ಉಗುಳಿ ಹೋಗುತ್ತಿದ್ದರು, ಆಕೆ “ಸಾರಿ ಸಾರ್, ಸಾರಿ ಮೇಡಂ” ಎನ್ನುತ್ತಿದ್ದರು. ಚನ್ನವೀರಪ್ಪನವರು ಅವರ ಮುಂದೆ ನಿಂತುಬಿಟ್ಟರು. ಹಿಂದೆ ಸಾಲು ನಿಂತಿತು.

“ತಂಗೀ, ನಿಮ್ಮ ಮ್ಯಾಲಿನವರು ಬೈಯೂದಿಲ್ಲೇನ್ರಿ?”

ಆಕೆ ನಕ್ಕು, “ಒಂದೊಂದ್ಸಲ ಕೇಳ್ತಾರೆ ಸಾರ್, ಯಾಕೆ ನಿಲ್ಲಿಸಿದ್ರಿ ಅಂತ. ಬೈಸ್ಕೊಳ್ಳೋಕಾದ್ರೂ ಎಲ್ಲರೂ ಇರಬೇಕಲ್ವಾ?” ಎಂದರು.

ಚನ್ನವೀರಪ್ಪನವರು ಆಕೆಗೆ ಎರಡೂ ಕೈ ಜೋಡಿಸಿದರು. ಅದನ್ನು ನೋಡಿ ನನಗೆ ಯಾಕೋ ಮುಜುಗರವಾಯಿತು.

ಎರಡು ಗಂಟೆ ಕೂರಿಸಿ, ಬೇರೆ ವಿಮಾನ ಕೊಡುತ್ತೇವೆ ಎಂದರು. ಅಷ್ಟರಲ್ಲಿ ಯಜಮಾನರು ಎಲ್ಲಿಂದಲೋ ಸುದ್ದಿ ಹೆಕ್ಕಿ ತಂದರು. ಯಾವುದೋ ಒಂದು ವೈರು ಸಡಿಲವಾಗಿತ್ತಂತೆ, ಸ್ಟೀರಿಂಗಿಗೆ ಏನೂ ಆಗಿರಲಿಲ್ಲವಂತೆ. ಗೆದ್ದವರ ಹಾಗೆ ಬಂದು ಕೂತರು. “ನೋಡಿದ್ರಾ ಚನ್ನವೀರಪ್ಪನೋರೆ? ಏನೂ ಇರ್ಲಿಲ್ಲ. ಸುಮ್ನೆ ನಿಲ್ಲಿಸಿ ಎಲ್ಲರ ಕೆಲಸ ಕೆಡಿಸಿದ್ರು. ನಿಮ್ಮ ಪಿನ್ನಿನ ಕಥೇನೂ ಇಷ್ಟೇ.”

“ಏನೂ ಇರಲಿಲ್ಲ ಅಂತ ನಿಂತ ಮ್ಯಾಲೆ ಗೊತ್ತಾತಲ್ರಿ” ಎಂದರು ಚನ್ನವೀರಪ್ಪನವರು. “ಹಾರಿದ ಮ್ಯಾಲೆ ಅಲ್ಲ.”

“ಅಂದ್ರೆ?”

“ಅಂದ್ರ ನಾ ಪುಣೆಗೆ ಬರಂಗಿಲ್ರಿ.”

ಯಜಮಾನರು ದನಿ ತಗ್ಗಿಸಿ ರಕ್ಷಿತಾಳ ಹೆಸರು ಎತ್ತಿದರು. ಚನ್ನವೀರಪ್ಪನವರು ಚೀಲವನ್ನು ಹೆಗಲಿಗೆ ಹಾಕಿಕೊಂಡರು. “ಆಕಿನೂ ದಿನಾ ರಸ್ತಾದಾಗ ಓಡಾಡ್ತಾಳ್ರಿ, ಯಜಮಾನ್ರ. ನಮ್ಮ ಪಿನ್ನು ಹಾಕಿದ ಗಾಡಿ ಆಕಿ ಮುಂದ ಬಂದ್ರ ನಾ ಯಾರನ್ನ ಬೈಲಿ?” ಎಂದು ಎದ್ದರು. ಭದ್ರತೆಯವರ ಹತ್ತಿರ ಹೋಗಿ ತಮ್ಮ ಅರವನ್ನು ವಾಪಸು ಕೇಳಿದರಂತೆ, ಕೊಡಲಿಲ್ಲವಂತೆ. ಬಸ್ಸು ಹತ್ತಿ ಮನೆಗೆ ಹೋದರು.

ಯಜಮಾನರು ನನ್ನ ಕಡೆ ತಿರುಗಿದರು. “ಶ್ರೀಧರ, ಇವತ್ತಿಂದ ನೀನೇ ಇನ್‌ಸ್ಪೆಕ್ಟರ್ ಕಣೋ. ನೀನೇ ಸೈನ್ ಹಾಕು.” ಮೂವತ್ತೈದು ವರ್ಷದ ವಿದ್ಯೆ ನನಗೆ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಎರಡು ವಾಕ್ಯದಲ್ಲಿ ಪ್ರಾಪ್ತವಾಯಿತು. ನಾನು ಬೇಡ ಎಂದೆನೇ? ಎಲ್ಲಿ ಬಂತು. “ಆಯ್ತು ಸಾರ್” ಎಂದೆ, ಸ್ವಲ್ಪ ಬೆನ್ನು ನೆಟ್ಟಗೂ ಮಾಡಿಕೊಂಡೆ.

ಎರಡನೆಯ ವಿಮಾನ ಓಟ ಶುರು ಮಾಡಿದಾಗ ಮಾತ್ರ ನನ್ನ ಹೊಸ ಹುದ್ದೆಯ ತೂಕ ತಿಳಿಯತೊಡಗಿತು. ಈ ವಿಮಾನವನ್ನೂ ಯಾರೋ ನೋಡಿ, ಸರಿಯಿದೆ ಎಂದು ಸಹಿ ಹಾಕಿರುತ್ತಾರಲ್ಲ. ಅವನು ಯಾರು? ಅವನ ಯಜಮಾನ ಅವನಿಗೆ ಚಹಾ ಕುಡಿಸಿದ್ದನೇ? ನಾನು ಸೀಟಿನ ಕೈ ಹಿಡಿದು, ಅವನು ಚನ್ನವೀರಪ್ಪನವರಂಥವನಾಗಿರಲಿ, ದಯವಿಟ್ಟು ನನ್ನಂಥವನಾಗಿರದಿರಲಿ ಎಂದು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ವಿಮಾನ ಮೇಲೆದ್ದಿತು. ನನ್ನ ಬಗ್ಗೆ ನನಗೇ ಇಂಥ ಅಭಿಪ್ರಾಯವಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪುಣೆಯಲ್ಲಿ ಕಾಗದ ಮುಂದಿಟ್ಟರು, ಪೆನ್ನು ಕೊಟ್ಟರು. ನಾನು ಥಿನ್ನರಿನ ಕಥೆ ಹೇಳಿಬಿಟ್ಟೆ. ಧೈರ್ಯ ಎಂದುಕೊಳ್ಳಬೇಡಿ, ವಾಪಸು ಬರುವಾಗ ಮತ್ತೆ ವಿಮಾನ ಹತ್ತಬೇಕಿತ್ತು.

ಲಾರಿ ತಿರುಗಿ ಪೀಣ್ಯಕ್ಕೆ ಬಂತು. ಯಜಮಾನರು ನಮ್ಮಿಬ್ಬರನ್ನೂ ಕೆಲಸದಿಂದ ತೆಗೆಯುತ್ತೇನೆ ಎಂದು ಎರಡು ದಿನ ಕೂಗಾಡಿದರು. ಮೂರನೆಯ ದಿನ, ಆ ಎರಡು ಸಾವಿರ ಪಿನ್ನಿನಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಬಲ್ಲವರು ಒಬ್ಬರೇ ಎಂಬುದು ಅವರಿಗೆ ಹೊಳೆಯಿತು. “ಚನ್ನವೀರಪ್ಪನೋರೆ, ಹಳೇದೆಲ್ಲ ಮರೆತ್ಬಿಡಿ” ಎಂದು ದೊಡ್ಡ ಮನಸ್ಸು ಮಾಡಿದರು. ರಕ್ಷಿತಾಳ ಕೆಲಸ ಮಾತ್ರ ಆ ತಿಂಗಳೇ ಹೋಯಿತು. ಅದಕ್ಕೆ ಕಾರಣ ಕಂಪನಿಯ ಪುನರ್ರಚನೆ ಎಂದು ಕಾಗದದಲ್ಲಿತ್ತು. ಅಪ್ಪ ಆ ಕಾಗದವನ್ನು ಎರಡು ಸಲ ಓದಿ ಮಡಿಸಿ ಕೊಟ್ಟರಂತೆ. ನನ್ನ ಮುಂದೆ ಆ ಮಾತು ಎತ್ತಲಿಲ್ಲ. ಆ ಹುಡುಗಿಯ ಮುಖ ನೋಡಲು ನನಗೆ ಇವತ್ತಿಗೂ ನಾಚಿಕೆ.

ಹನ್ನೊಂದು ದಿನ ಅವರು ಅರ ಹಾಕಿದರು, ನಾನು ಪಕ್ಕದಲ್ಲಿ ಕೂತು ಪಿನ್ನು ಎತ್ತಿಕೊಟ್ಟೆ. ನಾಲ್ಕನೆಯ ದಿನಕ್ಕೆ ಆ ಕಚ್ಚುವ ಸದ್ದು ನನಗೂ ಕೇಳಿಸತೊಡಗಿತು. ಅಷ್ಟು ಸ್ಪಷ್ಟವಾಗಿ ಕೇಳುವ ಸದ್ದನ್ನು ಇಷ್ಟು ವರ್ಷ ಕೇಳದೆ ಇರಲು ನಾನು ಎಷ್ಟು ಕಷ್ಟಪಟ್ಟಿರಬೇಕು! ಕೊನೆಯ ಪಿನ್ನು ಮುಗಿದಾಗ ಕೆಟ್ಟವು ಮುನ್ನೂರ ಒಂಬತ್ತು. ಇರಬೇಕಾದದ್ದು ಮುನ್ನೂರ ಹನ್ನೆರಡು.

“ಮೂರು ಕಮ್ಮಿ ಅದಾವು” ಎಂದರು.

ಆಗ ನನಗೆ ನೆನಪಾಯಿತು. ಒರೆಸಿದ ದಿನ ಸಂಜೆಯೇ ಪುಣೆಯವರು ತುರ್ತಾಗಿ ಬೇಕೆಂದಿದ್ದ ನಲವತ್ತು ಪಿನ್ನನ್ನು ನಾನು ಲಾರಿಗೆ ಕಾಯದೆ ಬಸ್ಸಿನಲ್ಲಿ ಪಾರ್ಸೆಲ್ ಮಾಡಿದ್ದೆ, ತುರ್ತಿನಲ್ಲಿ ಅವರೂ ಸಹಿ ಕೇಳಿರಲಿಲ್ಲ. ಚುರುಕಿನ ಮನುಷ್ಯ ನಾನು. ಫೋನು ಮಾಡಿದೆವು. ಅಷ್ಟರಲ್ಲಿ ಅವು ಇಪ್ಪತ್ತು ಗಾಡಿಗಳಿಗೆ ಕೂತು, ಗಾಡಿಗಳು ಮಾರಾಟವೂ ಆಗಿದ್ದವು. ಪುಣೆಯವರು ಒಂದೊಂದೇ ಗಾಡಿಯನ್ನು ವಾಪಸು ಕರೆಸಿದರು. ಹತ್ತೊಂಬತ್ತು ಬಂದವು. ಅವುಗಳಲ್ಲಿ ಎರಡು ಕೆಟ್ಟ ಪಿನ್ನು ಸಿಕ್ಕವು.

ಮೂರನೆಯ ಪಿನ್ನು ಇದ್ದ ಇಪ್ಪತ್ತನೆಯ ಗಾಡಿಯನ್ನು ಕೊಂಡವನು ನಿಂಗಪ್ಪ ಎಂಬ ತರಕಾರಿ ವ್ಯಾಪಾರಿ, ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದವನು. ಅವನ ಫೋನು ಸ್ವಿಚ್ ಆಫ್. ಪತ್ರಕ್ಕೆ ಉತ್ತರವಿಲ್ಲ. ಪುಣೆಯವರು ತಮ್ಮ ಪ್ರಯತ್ನ ಮುಗಿಯಿತೆಂದು ಬರೆದುಕೊಂಡರು. ಚನ್ನವೀರಪ್ಪನವರು ಬರೆದುಕೊಳ್ಳಲಿಲ್ಲ. ಭಾನುವಾರ ಭಾನುವಾರ ನಾವಿಬ್ಬರೂ ಬಸ್ಸು ಹಿಡಿದು ಹೋಗಿ ಹೆಬ್ಬಗೋಡಿ, ಚಂದಾಪುರದ ತರಕಾರಿ ಗಾಡಿಗಳ ಮುಂದೆ ಬಗ್ಗಿ ಬಗ್ಗಿ ಚಕ್ರ ನೋಡಿದೆವು. ಕಳ್ಳರೆಂದು ಎರಡು ಕಡೆ ಓಡಿಸಿದರು.

ಮೊನ್ನೆ ಭಾನುವಾರ ಅವನಿದ್ದ ಮನೆ ಸಿಕ್ಕಿತು. ಬಾಗಿಲಿಗೆ ಬೀಗ. ಮನೆ ಒಡತಿ ಮುನಿಯಕ್ಕ ಜಗಲಿಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದರು.

“ನಿಂಗಪ್ಪನಾ? ಮನೆ ಖಾಲಿ ಮಾಡ್ಕೊಂಡ್ ಒಂಟೋದ್ನಲ್ಲಪ್ಪಾ, ತಿಂಗ್ಳಾಯ್ತು. ಬಿಜಾಪುರದ್ ಕಡೆ ಎಲ್ಲೋ ಅವ್ರ್ ಊರು. ವಸಾ ಗಾಡೀಲೇ ಓದ್ರು. ಪಾತ್ರೆ ಪಗ್ಡಿ ಎಲ್ಲಾ ತುಂಬ್ಕೊಂಡು, ಎಡ್ತಿ ಮಕ್ಳು ಮುದ್ಕಿ ಎಲ್ಲಾ ಹಿಂದ್ಗಡೆ ಕುಂತ್ಕೊಂಡು. ಅಷ್ಟ್ ದೂರ ಇದ್ರಲ್ಲೇ ಓಗ್ತೀಯೇನೋ ಅಂದೆ. ವಸಾ ಗಾಡಿ ಅಕ್ಕಾ, ಏನೂ ಆಗಲ್ಲ ಅಂದ.”

ಚನ್ನವೀರಪ್ಪನವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಯಾವ ಊರು, ಯಾವ ತಾಲ್ಲೂಕು ಎಂದು ನಾನು ಮೂರು ಸಲ ಕೇಳಿದೆ. ಮುನಿಯಕ್ಕನಿಗೆ ಗೊತ್ತಿರಲಿಲ್ಲ. “ಯಾಕಪ್ಪಾ, ಏನಾದ್ರೂ ತೊಂದ್ರೇನಾ?” ಎಂದು ಅವರು ಕೇಳಿದರು. ಅದಕ್ಕೆ ಉತ್ತರ ಹೇಳಬೇಕಾದವನು ನಾನು. “ಬೀಗದ ಕೈ ನನ್ನ ಹತ್ರ ಇತ್ತಕ್ಕಾ” ಎಂದು ಶುರು ಮಾಡಿದೆ.